ಅನುಸೂಚಿಗೆ ಸೇರದ ಮಧ್ಯಾಹ್ನದ ಪಾಳಿ

ಆ ಸಾಲು ನನ್ನದಲ್ಲ ಎಂದು ಬಹಳ ದಿನ ನಂಬಿದ್ದೆ. 'ಒಂದೇ ಜಾಗದಲ್ಲಿ ಒಂದೇ ಮನೆತನದ ಹೆಸರು ಎರಡು ಸಲ ಬಂದರೆ ಎರಡನೆಯದನ್ನು ತೆಗೆಯುವುದು.' ಸಮಿತಿಯಲ್ಲಿ ಯಾರೋ ಹೇಳಿದ್ದು, ನಾನು ಬರೆದುಕೊಂಡದ್ದು ಎಂದೇ ನೆನಪು. ಇದನ್ನು ಬರೆಯಲು ಕೂತಾಗ ಹಳೆಯ ಕಡತ ತೆರೆದು ನೋಡಿದೆ. ಸಾಲಿನ ಪಕ್ಕದಲ್ಲಿ ನನ್ನ ಹೆಸರಿನ ಮೊದಲ ಅಕ್ಷರಗಳಿವೆ. ಮಂಗಳವಾರ, ಊಟಕ್ಕೆ ಸ್ವಲ್ಪ ಮುಂಚೆ. ಅದರ ಕೆಳಗೆ ಇನ್ನೊಂದು ಸಾಲು: 'ಪರೀಕ್ಷಿಸಲಾಗಿದೆ, ಸರಿಯಿದೆ.' ಅದೂ ನನ್ನದೇ.

ಹಾಗಾಗಿ ಇಲ್ಲಿ ನೆನಪಿನ ಮಾತನ್ನಷ್ಟೇ ನಂಬುವುದಿಲ್ಲ. ನನ್ನ ಹತ್ತಿರ ಮೂರು ದಾಖಲೆಗಳಿವೆ: ಕಂಪ್ಯೂಟರಿನ ಕಡತ, ಒಬ್ಬ ಮಾಸ್ತರರ ನೋಟ್‌ಬುಕ್ಕು, ಸಮಿತಿಯ ಅಚ್ಚಾದ ನಡಾವಳಿ. ನೆನಪು ಇವುಗಳೊಡನೆ ಜಗಳಕ್ಕೆ ನಿಂತ ಕಡೆ ಹಾಗೆಂದು ಹೇಳುತ್ತೇನೆ.

ಕೆಲಸ ಹೀಗಿತ್ತು. ಬೀದಿ ವ್ಯಾಪಾರಿಗಳ ಬಗ್ಗೆ ಒಂದು ಮಸೂದೆಯ ಕರಡು ಸಿದ್ಧವಾಗುತ್ತಿತ್ತು. ಅದನ್ನು ಪರಿಶೀಲಿಸುವ ಶಾಸಕರ ಸಮಿತಿಗೆ ಸಂಖ್ಯಾಶಾಸ್ತ್ರ ಬಲ್ಲ ಒಬ್ಬರು ಬೇಕಾಗಿದ್ದರು. ತೆಲುಗು ಸೀಮೆಯ ರಾಜಧಾನಿಯಲ್ಲಿ, ಊರಂಚಿನ ಗಚ್ಚಿಬೌಲಿಯ ಸಣ್ಣ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಸಮೀಕ್ಷೆಗಳ ಲೆಕ್ಕ ನೋಡುತ್ತಿದ್ದೆ, ಕರೆದರು, ಹೋದೆ. ಮಸೂದೆಯಲ್ಲಿ ಎರಡು ಮುಖ್ಯ ವಿಷಯಗಳಿದ್ದವು. ನೋಟಿಸು ಕೊಡದೆ ಯಾವ ವ್ಯಾಪಾರಿಯನ್ನೂ ಎತ್ತಂಗಡಿ ಮಾಡುವಂತಿಲ್ಲ, ಇದು ಒಂದು. ಪ್ರತಿ ಮಾರುಕಟ್ಟೆಗೆ ಇಷ್ಟು ಜನ ವ್ಯಾಪಾರಿಗಳು ಎಂಬ ಸಂಖ್ಯೆ ನಿಗದಿಯಾಗಿ, ಅಷ್ಟು ಜನಕ್ಕೆ ಗುರುತಿನ ಚೀಟಿ ಸಿಗಬೇಕು, ಇದು ಎರಡು. ಚೀಟಿ ಇದ್ದವರಿಗೆ ಮಾತ್ರ ನೋಟಿಸಿನ ರಕ್ಷಣೆ.

ಮೊದಲ ಕರಡಿನಲ್ಲಿ ಆ ಸಂಖ್ಯೆಯನ್ನು ಇಲಾಖೆ ತನ್ನ ಆದೇಶದ ಮೂಲಕ ಬದಲಾಯಿಸಬಹುದು ಎಂದಿತ್ತು. ಬೇಡ ಎಂದು ವಾದಿಸಿದವಳು ನಾನು. ಅಧಿಕಾರಿಗಳ ಕೈಯಲ್ಲಿರುವ ಸಂಖ್ಯೆ ಸೊರಗುತ್ತದೆ, ಕಾನೂನಿನಲ್ಲಿ ಅಚ್ಚಾದರೆ ಯಾರೂ ಮುಟ್ಟಲಾರರು ಎಂದೆ. ಸಮಿತಿಗೆ ಹಿಡಿಸಿತು. ಸಂಖ್ಯೆ ಮಸೂದೆಯ ಕೊನೆಯ ಪುಟದ ಪಟ್ಟಿಯಲ್ಲಿ, ಅಂದರೆ ಅನುಸೂಚಿಯಲ್ಲಿ, ಇರಲಿ ಎಂದು ತೀರ್ಮಾನವಾಯಿತು. ಅವತ್ತು ಮನೆಗೆ ಬರುವಾಗ ಭಾರಿ ಹೆಮ್ಮೆಯಲ್ಲಿದ್ದೆ. ಇದು ನೆನಪಲ್ಲಿ ಮಾತ್ರ ಇದೆ, ಆದರೆ ನಂಬಬಹುದು. ತನಗೆ ಅವಮಾನವಾಗುವ ಕಡೆ ನೆನಪು ಅಷ್ಟಾಗಿ ಸುಳ್ಳು ಹೇಳುವುದಿಲ್ಲ.

ಎಣಿಕೆಗೆ ಒಂದು ತಂಡ. ಅದರ ಮೇಲ್ವಿಚಾರಕರಾಗಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಸಿಕ್ಕಿದರು. ರಾಯಚೂರು ಕಡೆಯವರು, ನನ್ನ ಹಾಗೆ ನಾರಾಯಣಗೂಡದಲ್ಲೇ ಮನೆ. ತರಬೇತಿಯ ದಿನ ಎಣಿಕೆಯ ಫಾರಂ ಇದ್ದ ಟ್ಯಾಬನ್ನು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಎರಡು ಸಲ ಸರಿಸಿ ನೋಡಿದರು.

"ಮೇಡಂರ, ಷರಾ ಕಾಲಂ ಎಲ್ಲೈತ್ರಿ?"

"ಷರಾ ಇಟ್ಟಿಲ್ರಿ ಮಾಸ್ತರ. ಅದನ್ನ ಲೆಕ್ಕಕ್ಕ ಹಚ್ಚಾಕ ಬರೂದಿಲ್ಲ. ಯಾರೂ ಓದೂದೂ ಇಲ್ಲ."

"ಓದಾವರಿಲ್ಲ ಅಂತ ಬರಿಯೂದು ಬಿಡಬೇಕೇನ್ರಿ? ಹಂಗಿದ್ರ ನಾ ಮೂವತ್ತು ವರ್ಷ ಹುಡುಗರ ಪ್ರಗತಿ ಪತ್ರದಾಗ ಏನ್ ಮಾಡ್ದೆ?"

ತಂಡದವರೆಲ್ಲ ನಕ್ಕರು. ನಾನೂ ನಕ್ಕೆ. ಮಾಸ್ತರರು ಅಂಗಡಿಗೆ ಹೋಗಿ ಒಂದು ಗೆರೆ ಹಾಕಿದ ನೋಟ್‌ಬುಕ್ಕು ತಂದುಕೊಂಡರು.

ಎರಡು ಸುತ್ತು ಎಣಿಸಿದೆವು, ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಿಗ್ಗೆ ಮಾತ್ರ ಎಣಿಸಿದರೆ ಸಂಜೆಯವರು ಬಿಟ್ಟುಹೋಗುತ್ತಾರೆ ಎಂಬುದು ಗೊತ್ತಿದ್ದ ವಿಷಯ. ಆದರೆ ಎರಡು ಸುತ್ತು ಎಂದರೆ ಇಡೀ ದಿನ ಕೂರುವವರು ಎರಡು ಸಲ ಬರುತ್ತಾರೆ. ಬೆಳಗಿನ ಪಟ್ಟಿಯ ಯಾರು ಸಂಜೆಯ ಪಟ್ಟಿಯ ಯಾರು ಎಂದು ಹೊಂದಿಸಬೇಕು. ಫೋಟೊ ಇದ್ದಿದ್ದರೆ ಸುಲಭವಿತ್ತು. ಫೋಟೊ ಬೇಡ ಎಂದವಳೂ ನಾನೇ. ಯಾರಾದರೂ ಫೋಟೊ ತೆಗೆದರೆ ಮರುದಿನ ಎತ್ತಂಗಡಿಯ ಲಾರಿ ಬರುತ್ತದೆ ಎಂಬುದು ಬೀದಿಯಲ್ಲಿ ಕೂತವರ ಅನುಭವ, ಅವರು ಎದ್ದು ಹೋಗಿಬಿಡುತ್ತಾರೆ. ಅದು ಸರಿಯಾದ ತೀರ್ಮಾನವೇ ಆಗಿತ್ತು. ಇನ್ನು ಸ್ವಂತ ಹೆಸರು ನಂಬುವಂತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕರೆಯುವ ಹೆಸರು ಹೇಳಿದವರು ಸಂಜೆ ರೇಷನ್ ಕಾರ್ಡಿನ ಹೆಸರು ಹೇಳುತ್ತಿದ್ದರು. ಉಳಿದದ್ದು ಎರಡು, ಜಾಗ ಮತ್ತು ಮನೆತನದ ಹೆಸರು. ಮೂರು ಹೆಜ್ಜೆಯೊಳಗಿನ ಜಾಗ, ಅದೇ ಮನೆತನ ಎಂದರೆ ಅದೇ ವ್ಯಕ್ತಿ. ಮಂಗಳವಾರದ ಆ ಸಾಲು ಇದು.

ನಿಯಮ ಬರೆದ ಮೇಲೆ ಪರೀಕ್ಷಿಸಬೇಕು. ಪರೀಕ್ಷಿಸಿದೆ. ಹೀಗೆ ಜೋಡಿಯಾದವರಲ್ಲಿ ಕೆಲವರನ್ನು ಆರಿಸಿ, ಹೋಗಿ ಮಾತಾಡಿಸಿ, ಇಬ್ಬರೂ ನಿಜವಾಗಿ ಒಬ್ಬರೇನಾ ಎಂದು ನೋಡಿದೆ. ಎಲ್ಲಿ ನೋಡಿದೆ ಎಂಬುದು ಪ್ರಶ್ನೆ. ಗಚ್ಚಿಬೌಲಿಯಲ್ಲಿ, ನಮ್ಮ ಕಚೇರಿಯ ರಸ್ತೆಯಲ್ಲಿ. ಇಡ್ಲಿ ಗಾಡಿ, ಚಹಾದ ಗಾಡಿ, ಹಣ್ಣಿನ ಗಾಡಿ. ಆ ವಾರ ಮೇಲ್ಸೇತುವೆಯ ಕೆಲಸದಿಂದ ಊರೊಳಗೆ ಹೋಗಿಬರಲು ಅರ್ಧ ದಿನ ಬೇಕಾಗಿತ್ತು ಎಂದು ನೆನಪು ಹೇಳುತ್ತದೆ. ಕಡತದಲ್ಲಿ ಸೇತುವೆಯ ಮಾತಿಲ್ಲ. 'ಸಮೀಪ' ಎಂದಷ್ಟೇ ಇದೆ. ಗಾಡಿಯವರು ಬೆಳಗಿನಿಂದ ರಾತ್ರಿಯವರೆಗೆ ಅವರೇ ನಿಲ್ಲುವವರು, ಗಾಡಿ ಅವರದು. ನನ್ನ ನಿಯಮ ಅಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಮಾದರಿಯನ್ನು ಕೈಗೆಟುಕುವ ಕಡೆಯಿಂದ ಆರಿಸಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ.

ಸಂಖ್ಯೆ ಅನುಸೂಚಿಗೆ ಹೋಯಿತು. ಸಮಿತಿಯ ಕೊನೆಯ ಸಭೆಗೆ ನಾಲ್ಕು ದಿನ ಇರುವಾಗ ಮಾಸ್ತರರು ಫೋನ್ ಮಾಡಿದರು.

"ಮೇಡಂರ, ಸುಲ್ತಾನ್ ಬಜಾರದಾಗ ನಾ ಮಾತಾಡಿಸಿದ ಮಂದಿಗಿಂತ ನಿಮ್ಮ ಲೆಕ್ಕದಾಗ ಭಾಳ ಕಡಿಮಿ ಅದಾರ್ರಿ. ಉಳಿದಾವರನ್ನ ಎಲ್ಲಿಟ್ಟೀರಿ?"

"ಎರಡೆರಡು ಸಲ ಬಂದಾವರನ್ನ ತಗದೀನಿ ಮಾಸ್ತರ."

"ನಾಳಿ ಮಧ್ಯಾಹ್ನ ಬರ್ರಿ. ತಗದಾವರನ್ನ ತೋರಸ್ತೀನಿ."

ಹೋದೆ. ಒಂದೂವರೆಯ ಬಿಸಿಲು. ಸೀರೆ ಅಂಗಡಿಗಳ ಸಾಲಿನ ಎದುರು, ನಲ್ಲಿಯ ಪಕ್ಕದಲ್ಲಿ ಒಬ್ಬ ಹೆಂಗಸು ಹೂವಿನ ಬುಟ್ಟಿ ಕಟ್ಟುತ್ತಿದ್ದಳು. ಕೆಳಗೆ ಹಾಸಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿ ನೀರಿನಿಂದ ತೊಯ್ದಿತ್ತು. ಇನ್ನೊಬ್ಬಳು, ಸ್ವಲ್ಪ ಚಿಕ್ಕವಳು, ಚೀಲ ಹೊತ್ತು ಬಂದು ನಿಂತಳು. ಇಬ್ಬರೂ ಮಾತಾಡದೆ ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ಎತ್ತಿದರು, ಕೊಡವಿದರು, ಮಗುಚಿ ಹಾಸಿದರು. ಒಣಗಿದ ಮಗ್ಗುಲು ಮೇಲೆ ಬಂತು. ಅದರ ಮೇಲೆ ಚಿಕ್ಕವಳು ಪಿನ್ನು, ರಿಬ್ಬನ್ನು, ಕ್ಲಿಪ್ಪು ಜೋಡಿಸತೊಡಗಿದಳು. ಮೂಲೆಗಿಟ್ಟ ಕಲ್ಲುಗಳು ಅವೇ.

ಸುತ್ತ ನೋಡಿದೆ. ಬೀದಿಯುದ್ದಕ್ಕೂ ತಾಡಪತ್ರಿಗಳು ಮಗುಚಿಕೊಳ್ಳುತ್ತಿದ್ದವು.

"ಇದಕ್ಕ ಪಾಳಿ ಅಂತಾರ್ರಿ," ಎಂದರು ಮಾಸ್ತರರು. ನೋಟ್‌ಬುಕ್ಕು ತೆರೆದು ತೋರಿಸಿದರು. ಸಾಲು ಸಾಲಾಗಿ ಅದೇ ಪದ: ಪಾಳಿ, ಪಾಳಿ, ಅತ್ತೆ ಸೊಸೆ ಪಾಳಿ, ನೆಗೆಣ್ಣಿ ಪಾಳಿ.

ಇವರಿಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಹುಮನಾಬಾದ್ ಕಡೆಯವರು. ನಾನು ಕನ್ನಡದಲ್ಲಿ ಮಾತಾಡಿದಾಗ ಚಿಕ್ಕವಳ ಮುಖ ಸಡಿಲವಾಯಿತು.

"ಗಣತ್ಯಾವರು ಬಂದಾಗ ನಾ ಇದ್ದೆನಲ್ರಿ ಅಕ್ಕಾರ. ಸಂಜಿಗೆ ಹೆಸರು ಬರಸೀನಿ."

"ಬರಕೊಂಡಾರ. ಆದ್ರ ಲೆಕ್ಕದಾಗ ನೀವಿಬ್ಬರೂ ಕೂಡಿ ಒಬ್ಬರ ಆಗೀರಿ."

ಹೂವಿನವಳು ಬುಟ್ಟಿ ಬಿಟ್ಟು ನಗತೊಡಗಿದಳು. "ಕೇಳ್ರಿ ಅಕ್ಕಾರ, ಲಗ್ನ ಆದಾಗಿಂದ ಈಕಿ ನನ್ನ ಕೂಡ ಒಂದಿನಾನೂ ಒಂದಾಗಿಲ್ರಿ. ಸರಕಾರ ಕುಂತಲ್ಲೇ ಒಂದ ಮಾಡಿಬಿಡ್ತು!"

ಚಿಕ್ಕವಳು ನಗಲಿಲ್ಲ. "ನೀ ನಗತಿ, ಯಾಕಂದ್ರ ಚೀಟಿ ಒಂದ ಬಂದ್ರ ನಿನ್ನ ಕೈಗೆ ಬರತೈತಿ. ಮುಂಜಾನಿ ಹೆಸರು ನಿಂದು." ನನ್ನ ಕಡೆ ತಿರುಗಿದಳು. "ಮನ್ಯಾಗ ನಂದು ಅಂತ ಒಂದು ಮೂಲಿ ಇಲ್ರಿ ಅಕ್ಕಾರ. ಇಲ್ಲಿ ಐತಿ, ಮಧ್ಯಾಹ್ನ ಎರಡರಿಂದ ಹಿಡದು ದೀಪ ಹಚ್ಚೂ ತನಕ. ದೊಡ್ಡಾವರ ಮುಂದ ನೀವು ಕುಂಡ್ರತೀರಂತ ಮಾಸ್ತರು ಅಂದ್ರು. ಅವರು ಕೇಳಿದ್ರ ಹೇಳ್ತೀರಲ್ರಿ?"

"ಹೇಳ್ತೀನಿ," ಎಂದೆ.

ಆ ಮಾತು ಮಾಸ್ತರರ ನೋಟ್‌ಬುಕ್ಕಿನಲ್ಲೂ ಇದೆ, ಅವರ ದುಂಡು ಅಕ್ಷರದಲ್ಲಿ: 'ಮೇಡಂ ಹೇಳುವರು.'

ಮರುದಿನ ಮತ್ತೆ ಅಲ್ಲಿಗೆ ಹೋದೆ. ನನ್ನ ನಿಯಮ ಒಂದುಗೂಡಿಸಿದ ಜೋಡಿಗಳ ಪಟ್ಟಿಯಲ್ಲಿ ಲಾಟರಿಯಂತೆ ಎತ್ತಿ ಆರಂಭದ ಜೋಡಿಯೊಂದನ್ನು ಹಿಡಿದು, ಅಲ್ಲಿಂದ ಪ್ರತಿ ಐದನೆಯ ಜೋಡಿ. ಈ ಸಲ ಸರಿಯಾದ ಕ್ರಮದಲ್ಲಿ. ಪಾಳಿ ಬದಲಾಗುವ ಹೊತ್ತಿಗೆ ಮಾಸ್ತರರು ಒಂದು ಗಲ್ಲಿ, ನಾನು ಒಂದು ಗಲ್ಲಿ. ಹೆಚ್ಚಿನ ಜೋಡಿಗಳು ನಿಜಕ್ಕೂ ಇಬ್ಬಿಬ್ಬರು. ಮನೆಗೆ ಬಂದು ಲೆಕ್ಕ ಹಾಕಿದೆ. ಹೊಸ ಅಂದಾಜಿಗೆ ಕೆಳಗಿನ ಗಡಿ, ಮೇಲಿನ ಗಡಿ ಸಿಕ್ಕವು. ನಡುವಿನ ಅಂತರ ದೊಡ್ಡದು. ಅದನ್ನು ಕಿರಿದು ಮಾಡಲು ಎಲ್ಲ ಮಾರುಕಟ್ಟೆಗಳಲ್ಲೂ ಇದೇ ಕೆಲಸ ಮಾಡಬೇಕು, ಎರಡು ವಾರ ಬೇಕು. ಸಭೆಗೆ ಉಳಿದದ್ದು ಎರಡು ದಿನ.

ಮಸೂದೆಯ ಪಠ್ಯ ಬರೆಯುತ್ತಿದ್ದ ಅಧಿಕಾರಿಯ ಬಳಿಗೆ ಓಡಿದೆ. ಕರೀಂನಗರದವರು. ತೆಲುಗು, ದಖನಿ ಬೆರೆಸಿ ಮಾತಾಡುವವರು, ಎಲ್ಲಕ್ಕಿಂತ ಮೊದಲು ಚಹಾ ತರಿಸುವವರು. ನನ್ನ ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು.

"ಯೇ ಕ್ಯಾ ಹೈ ಮೇಡಂಗಾರು? ಇಲ್ಲಿಂದ ಇಲ್ಲೀತನಕ ಅಂದ್ರೆ? ಕಾನೂನ್ ಮೇ ಶಾಯದ್ ನಕ್ಕೋ."

ಕಾನೂನಿನಲ್ಲಿ 'ಬಹುಶಃ' ಬೇಡ. ನಾನು ತಪ್ಪಿನ ಬಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ಅನುಸೂಚಿ ಹಿಂದೆ ಪಡೆದರೆ ಮಸೂದೆಯೇ ಹಿಂದೆ ಹೋಗುತ್ತದೆ. ಅಧಿವೇಶನ ಮುಗಿಯುತ್ತದೆ. ಮುಂದಿನದರಲ್ಲಿ ಇದು ಬರುತ್ತದೆಂದು ಅವರು ಮಾತು ಕೊಡಲಾರರು. ನೋಟಿಸಿಲ್ಲದೆ ಎತ್ತಂಗಡಿ ಮಾಡಬಾರದು ಎಂಬ ಕಲಮೂ ಅದರ ಜೊತೆಗೇ ಹೋಗುತ್ತದೆ. ಈಗ ಲಾರಿ ಬಂದರೆ ಯಾರಿಗೂ ರಕ್ಷಣೆ ಇಲ್ಲ, ಬೆಳಗಿನವರಿಗೂ ಇಲ್ಲ, ಮಧ್ಯಾಹ್ನದವರಿಗೂ ಇಲ್ಲ.

"ಆಪ್ ಬೋಲೋ," ನೀವೇ ಹೇಳಿ ಎಂದರು. "ಅರ್ಧ ಮಂದಿಗೆ ಛತ್ರಿ ಬೇಕಾ, ಯಾರಿಗೂ ಬೇಡವಾ?"

ಆಮೇಲೆ ಅವರೇ ದಾರಿ ತೋರಿಸಿದರು. ಸಂಖ್ಯೆ ಇದ್ದಂತೆ ಇರಲಿ. ನೀವು ಒಂದು ಟಿಪ್ಪಣಿ ಬರೆಯಿರಿ. ವರದಿಗೆ ನಾಲ್ಕನೆಯ ಲಗತ್ತಾಗಿ ಸೇರಿಸೋಣ. ಓದುವವರು ಓದುತ್ತಾರೆ.

ಒಪ್ಪಿದೆ. ಇಡೀ ಕಥೆಯಲ್ಲಿ ನಾನು ತೆಗೆದುಕೊಂಡ ದೊಡ್ಡ ತೀರ್ಮಾನ ಇದು. ಹೆಚ್ಚೆಂದರೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಹಿಡಿದಿರಬಹುದು. ಟಿಪ್ಪಣಿ ಮೂರು ಪುಟ ಬರೆದೆ. ನಾನು ಬರೆದವುಗಳಲ್ಲೆಲ್ಲ ಅತ್ಯಂತ ಎಚ್ಚರದ ಬರಹ ಅದು. ಯಾವ ಮಾತೂ ಹೆಚ್ಚಿಲ್ಲ, ಯಾವ ಅನುಮಾನವೂ ಬಿಟ್ಟಿಲ್ಲ. ಷರಾ ಯಾರೂ ಓದುವುದಿಲ್ಲ ಎಂದು ಮಾಸ್ತರರಿಗೆ ಹೇಳಿದವಳು ಮೂರು ಪುಟದ ಷರಾ ಬರೆದೆ.

ಈಗ ಸಭೆ. ನೆನಪಿನಲ್ಲಿ ಅದು ಹೀಗಿದೆ: ಉದ್ದನೆಯ ಮೇಜು, ಏಸಿಯ ಚಳಿ, ಅಧ್ಯಕ್ಷರು ಅನುಸೂಚಿಯ ಹಾಳೆ ಎತ್ತಿ ನನ್ನ ಕಡೆ ನೋಡುತ್ತಾರೆ. "ಈ ಸಂಖ್ಯ ಕರೆಕ್ಟೇನಾ ಅಮ್ಮಾ?" ನಾನು ಹೇಳುತ್ತೇನೆ: ಜಾಗಗಳ ಲೆಕ್ಕ ನೋಡಿದರೆ ಸರಿ ಸಾರ್, ಆದರೆ ಜನರ ಲೆಕ್ಕಕ್ಕೆ ಕೆಲವು ಮಿತಿಗಳಿವೆ, ನಾಲ್ಕನೆಯ ಲಗತ್ತು ನೋಡಬೇಕು. ಅಧ್ಯಕ್ಷರು ತಲೆದೂಗುತ್ತಾರೆ. ಆ ತಲೆದೂಗಿದ್ದನ್ನು ನಾನು ಎಷ್ಟೋ ಜನರಿಗೆ ಅಭಿನಯಿಸಿ ತೋರಿಸಿದ್ದೇನೆ.

ನಡಾವಳಿ ಅಚ್ಚಾಗಿ ಕೈಗೆ ಬಂದಾಗ ಆ ಪುಟ ಹುಡುಕಿದೆ. ಪ್ರಶ್ನೆ ಇದೆ, ನನ್ನ ನೆನಪಿನಲ್ಲಿದ್ದಂತೆಯೇ, ಅಕ್ಷರ ತಪ್ಪದೆ. ಅದರ ಕೆಳಗೆ ತಾಂತ್ರಿಕ ಸದಸ್ಯೆಯ, ಅಂದರೆ ನನ್ನ, ಉತ್ತರ: "ಅವುನು ಸಾರ್." ಹೌದು ಸಾರ್. ಅಷ್ಟೇ. ಮುಂದಿನ ಸಾಲಿನಲ್ಲಿ ಬೇರೆ ಕಲಮಿನ ಚರ್ಚೆ.

ಬರೆದುಕೊಂಡವರು ನನ್ನ ಉಳಿದ ಮಾತು ಬಿಟ್ಟಿರಬಹುದು ಎಂದು ಕೆಲವು ದಿನ ಆಸೆಪಟ್ಟೆ. ಆದರೆ ಆ ನಡಾವಳಿಯಲ್ಲಿ ಒಬ್ಬ ಸದಸ್ಯರು ಕೆಮ್ಮಿ ನೀರು ಕೇಳಿದ್ದೂ ಇದೆ. ಅಷ್ಟು ಬರೆದವರು ಇದನ್ನು ಬಿಡುತ್ತಾರೆಯೇ? ಆ ಉದ್ದನೆಯ ವಾಕ್ಯವನ್ನು ನಾನು ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಕಟ್ಟಿಕೊಂಡಿರಬೇಕು, ಅಥವಾ ಮನೆಯಲ್ಲಿ. ಲಗತ್ತು ಇದೆಯಲ್ಲ ಎಂಬ ಧೈರ್ಯ ನನ್ನ ಬಾಯಿ ಕಟ್ಟಿತ್ತು.

ವರದಿಯಲ್ಲಿ ಲಗತ್ತುಗಳು ಮೂರಕ್ಕೆ ಮುಗಿದಿದ್ದವು. ವಿಚಾರಿಸಿದೆ. ನಾಲ್ಕನೆಯದು ಸಭೆಯಲ್ಲಿ ಪ್ರಸ್ತಾಪವಾಗಲಿಲ್ಲ, ಪ್ರಸ್ತಾಪವಾಗದ್ದನ್ನು ಅಚ್ಚು ಮಾಡುವ ಪದ್ಧತಿಯಿಲ್ಲ ಎಂದರು. ನ್ಯಾಯವಾದ ಉತ್ತರ. ಪ್ರಸ್ತಾಪಿಸಬೇಕಾದವಳು ನಾನೇ.

ಮಸೂದೆ ಪಾಸಾಯಿತು. ಸಂಖ್ಯೆ ತಿದ್ದಬೇಕೆಂದು ಪತ್ರ ಬರೆದೆ. ಆದೇಶದ ಮೂಲಕ ತಿದ್ದಲು ಅವಕಾಶವಿಲ್ಲ, ಸದನದಲ್ಲಿ ತಿದ್ದುಪಡಿಯಾಗಬೇಕು ಎಂದು ಮರುಪತ್ರ ಬಂತು. ಆ ಅವಕಾಶವನ್ನು ತೆಗೆಸಿಹಾಕಿದ್ದು ಯಾರು ಎಂದು ಅವರು ಬರೆದಿರಲಿಲ್ಲ, ಸಭ್ಯರು.

ಇದಕ್ಕಿಂತ ನೋಯಿಸುವುದು ಇನ್ನೊಂದಿದೆ. ಸುಮಾರು ಆರು ವಾರಗಳ ನಂತರ ಒಂದು ಭಾನುವಾರ ಕಾಯ್ದೆಯ ಪ್ರತಿಯನ್ನು ಮೊದಲ ಪುಟದಿಂದ ಓದಿದೆ. ಮೊದಲ ಪುಟಗಳಲ್ಲಿ ವ್ಯಾಖ್ಯೆಗಳಿರುತ್ತವೆ. ಯಾವ ಪದಕ್ಕೆ ಏನರ್ಥ ಎಂಬ ಪಟ್ಟಿ. ಅಷ್ಟು ತಿಂಗಳು ಆ ಮಸೂದೆಯ ಮೇಲೆ ಕೆಲಸ ಮಾಡಿದ್ದೆ, ಆ ಪುಟಗಳನ್ನು ತೆರೆದಿರಲಿಲ್ಲ. ಅದು ವಕೀಲರ ಕೆಲಸ, ನನ್ನದು ಕೊನೆಯ ಪುಟ ಎಂದುಕೊಂಡಿದ್ದೆ. ಅಲ್ಲಿ ಹೀಗಿತ್ತು: ವ್ಯಾಪಾರಿ ಎಂದರೆ ಒಂದು ಜಾಗವನ್ನು ಹೊಂದಿರುವ ವ್ಯಕ್ತಿ.

ನನ್ನ ಸಂಖ್ಯೆ ತಪ್ಪಾಗಿರಲಿಲ್ಲ. ಅದು ಜಾಗಗಳ ಸಂಖ್ಯೆ, ಜಾಗಗಳ ಮಟ್ಟಿಗೆ ಬಹಳ ಒಳ್ಳೆಯ ಸಂಖ್ಯೆ. ಅನುಸೂಚಿಯ ತಲೆಬರಹದಲ್ಲಿ 'ವ್ಯಾಪಾರಿಗಳು' ಎಂಬಲ್ಲಿ 'ಜಾಗಗಳು' ಎಂದು ಮಾಡಿ, ವ್ಯಾಖ್ಯೆಗೆ 'ಒಂದು ಜಾಗದಲ್ಲಿ ಪಾಳಿಯ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಇರಬಹುದು, ಪ್ರತಿಯೊಬ್ಬರಿಗೂ ಚೀಟಿ' ಎಂಬ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಒಂದು ಅಂಕಿಯನ್ನೂ ಮುಟ್ಟಬೇಕಾಗಿರಲಿಲ್ಲ. ಎರಡು ವಾರ ಬೇಕಾಗಿರಲಿಲ್ಲ. ಅಧಿವೇಶನ ತಪ್ಪುತ್ತಿರಲಿಲ್ಲ. ಕರೀಂನಗರದ ಅಧಿಕಾರಿ ಅದನ್ನು ನನ್ನ ಎದುರೇ ಪೆನ್ನಿನಲ್ಲಿ ಬರೆಯುತ್ತಿದ್ದರು. ಅವರಿಗೆ ಅದು ಹೊಳೆಯಲಿಲ್ಲ, ಯಾಕೆಂದರೆ ಎಣಿಕೆ ಗಣಿತದವರ ಕೆಲಸ. ನನಗೆ ಹೊಳೆಯಲಿಲ್ಲ, ಯಾಕೆಂದರೆ ವ್ಯಾಖ್ಯೆ ಕಾನೂನಿನವರ ಕೆಲಸ. ಒಂದೇ ಮೇಜಿನ ಎರಡು ಬದಿ ಕೂತು ಒಂದೇ ಚಹಾ ಕುಡಿದೆವು.

ನಮ್ಮಂಥವರು ಶಾಸನ ಮಾಡುವವರಿಗೆ ಏನು ನೆರವಾಗಬಹುದು ಎಂದು ಈಗ ಕೆಲವರು ಕೇಳುತ್ತಾರೆ. ಸಂಖ್ಯೆ ಕೊಡುವ ಮೊದಲು ಮೊದಲ ಪುಟ ಓದಿ ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಚೀಟಿ ಹಂಚಿಕೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸುಲ್ತಾನ್ ಬಜಾರಿಗೆ ಹೋದೆ. ಎರಡೂವರೆ ಆಗಿತ್ತು. ನಲ್ಲಿಯ ಪಕ್ಕದಲ್ಲಿ ಹೂವಿನವಳು ಇನ್ನೂ ಕೂತಿದ್ದಳು. ಹೂವು ಬಾಡಿತ್ತು, ಕೊಳ್ಳುವವರಿರಲಿಲ್ಲ. ಆದರೂ ಎದ್ದಿರಲಿಲ್ಲ. ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದಳು. ನನ್ನನ್ನು ಗುರುತು ಹಿಡಿದಳು.

"ಚೀಟಿ ಕೊಟ್ಟಾವರು ಏಳಾಕ ಬಿಡವಲ್ರು ಅಕ್ಕಾರ," ಎಂದಳು, ಕೇಳುವ ಮೊದಲೇ. "ಚೀಟಿಯಾಕಿ ಇಲ್ಲದಾಗ ಬ್ಯಾರೆದಾಕಿ ಕುಂತ್ರ ಚೀಟಿನೂ ರದ್ದು ಅಂತಾರ. ನಾ ಏನ್ ಮಾಡ್ಲಿ? ಆಕಿ ಅತ್ತಾಗ ಅದಾಳ ನೋಡ್ರಿ."

ಈ ಸಲ ನಗೆ ಇರಲಿಲ್ಲ. ತಾಡಪತ್ರಿಯ ತೊಯ್ದ ಮಗ್ಗುಲೇ ಮೇಲಿತ್ತು.

ಚಿಕ್ಕವಳು ಸೀರೆ ಅಂಗಡಿಗಳ ಮುಂದೆ ನಡೆದಾಡುತ್ತಿದ್ದಳು. ಎಡಗೈಗೆ ಉದ್ದಕ್ಕೂ ರಿಬ್ಬನ್ನು ಸುತ್ತಿಕೊಂಡು, ಕೊರಳಿಗೆ ಪಿನ್ನಿನ ಹಾಳೆಗಳನ್ನು ತೂಗುಹಾಕಿಕೊಂಡು. ಒಂದು ಅಂಗಡಿಯವನು ಕೈಬೀಸಿದರೆ ಮುಂದಿನದರ ಮುಂದೆ, ಅಲ್ಲಿ ಬೈದರೆ ಅದರಾಚೆ. ನಾನು ಎದುರು ಹೋಗಿ ನಿಂತೆ. ಪತ್ರ ಬರೆದದ್ದು, ಲಗತ್ತು, ತಿದ್ದುಪಡಿಗೆ ಪ್ರಯತ್ನಿಸುತ್ತಿರುವುದು, ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಅವಳು ಒಂದೇ ಮಾತು ಕೇಳಿದಳು. "ಅವರು ಕೇಳಿದ್ರೇನ್ರಿ ಅಕ್ಕಾರ?"

"ಕೇಳಿದ್ರು."

"ನೀವೇನಂದ್ರಿ?"

ಈ ಭೇಟಿಯ ದಾಖಲೆ ಯಾವ ಕಡತದಲ್ಲೂ ಇಲ್ಲ. ಬಿಸಿಲು ಎಷ್ಟಿತ್ತು, ಅವಳ ಸೀರೆಯ ಬಣ್ಣ ಯಾವುದು, ಇವನ್ನೆಲ್ಲ ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ನಾನು ಏನು ಹೇಳಿದೆ ಎಂಬುದರಲ್ಲಿ ಅನುಮಾನವಿಲ್ಲ, ಅದು ಅಚ್ಚಾಗಿದೆ.

"ಹೌದು ಅಂದೆ," ಎಂದೆ.

ಅಂಗಡಿಯ ಒಳಗಿನಿಂದ ಯಾರೋ ತೆಲುಗಿನಲ್ಲಿ ಪಿನ್ನಿದೆಯಾ ಎಂದು ಕೂಗಿದರು. "ಉಂದಮ್ಮಾ, ವಸ್ತುನ್ನಾ," ಇದೆ ಅಮ್ಮಾ, ಬಂದೆ ಎಂದು ಅವಳು ನನ್ನ ಬದಿಯಿಂದ ಹಾದು ಮೆಟ್ಟಿಲು ಹತ್ತಿದಳು.